ಕ್ಲಚ್ ಕೇಬಲ್ ಮತ್ತು ಅಪ್ಪನ ಎಡಗಾಲು

ಇದು ನಡೆದದ್ದು ೧೯೯೮ರ ಜೂನ್‌ನಿಂದ ೧೯೯೯ರ ಮಾರ್ಚ್‌ವರೆಗೆ. ಹಳೆ ಕಾರು ಇರುವ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಡೆಯುವಾಗ ಯಾರೂ ನಗುವುದಿಲ್ಲ, ಅಷ್ಟೇ.

ನಮ್ಮ ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ನಾನು ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತಿದ್ದೆ. ಅಪ್ಪನದು ಬಾಡಿಗೆ ಕಾರು. ಅವನ ಕೈಗೆ ಬರುವ ಮೊದಲೇ ಅದು ಇಬ್ಬರ ಕೈ ದಾಟಿತ್ತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ: ಈ ಊರುಗಳ ಆಸ್ಪತ್ರೆ, ಕಲ್ಯಾಣ ಮಂಟಪ, ಕೋರ್ಟು, ಇಷ್ಟೇ ಅದರ ದಾರಿ.

ಕ್ಲಚ್ ಕೇಬಲ್ ಎಂದರೆ ಸೈಕಲ್ಲಿನ ಬ್ರೇಕ್ ವೈರಿನಂಥದು, ಸ್ವಲ್ಪ ದಪ್ಪ. ಒಳಗೆ ಉಕ್ಕಿನ ಎಳೆಗಳ ಹುರಿ, ಹೊರಗೆ ಕೊಳವೆ. ಕಾಲಿನಿಂದ ಪೆಡಲ್ ತುಳಿದರೆ ಅದು ಎಂಜಿನ್ನಿನ ಹತ್ತಿರದ ಒಂದು ಸನ್ನೆಗೋಲನ್ನು ಎಳೆಯುತ್ತದೆ. ಆಗ ಗೇರು ಬೀಳುತ್ತದೆ. ಕೇಬಲ್ ಹರಿದರೆ ಪೆಡಲ್ ಟಪ್ ಎಂದು ನೆಲಕ್ಕೆ ಬಡಿಯುತ್ತದೆ, ಕಾರು ನಿಲ್ಲುತ್ತದೆ.

ಮೂರು ವರ್ಷದಲ್ಲಿ ನಮ್ಮದು ನಾಲ್ಕು ಸಲ ಹರಿದಿತ್ತು. ನಾಲ್ಕು ಸಲವೂ ಮಂದಿ ದಾರಿಯಲ್ಲಿ ಇಳಿದು ಬಸ್ಸಿಗೆ ಕೈ ಮಾಡಿದ್ದರು. ಇದರ ಜೊತೆಗೆ ಅಪ್ಪನ ಎಡಗಾಲು ನೋಯಲು ಶುರುವಾಗಿತ್ತು. ಊಟಕ್ಕೆ ಕೂರುವಾಗ ಆ ಕಾಲನ್ನು ಎರಡೂ ಕೈಯಿಂದ ಎತ್ತಿ ಮಡಚಿಕೊಳ್ಳುತ್ತಿದ್ದ. ಜೂನ್ ತಿಂಗಳಲ್ಲಿ, ನಾಲ್ಕನೆಯ ಕೇಬಲ್ ಹರಿದ ಮರುದಿನ, ಅಕ್ಕನ ಗಂಡ ಬಂದ.

"ಮಾವಾರ, ಗಾಡೀನೂ ಹಳೇದಾತು, ಕಾಲೂ ಹಳೇದಾತು. ಇನ್ನೊಂದು ಸಲ ದಾರ್ಯಾಗ ಕೆಟ್ಟು ನಿಂತ್ರ ನೀವು ಹೊಡಿಯೂದು ಬಿಟ್ಟುಬಿಡ್ರಿ. ಗಾಡಿ ಮಾರೋಣ."

ಅವ್ವ ತಲೆ ಆಡಿಸಿದಳು. ಅಪ್ಪ ಬಹಳ ಹೊತ್ತು ಗೋಡೆ ನೋಡಿ, "ಆತು," ಅಂದ.

ಇಪ್ಪತ್ತೆರಡನೆಯ ವಯಸ್ಸಿನಿಂದ ಅವನು ಮಾಡಿದ್ದು ಅದೊಂದೇ ಕೆಲಸ. ಓಣಿಯಲ್ಲಿ ಅವನ ಹೆಸರು ಅರ್ಧ ಮಂದಿಗೆ ಗೊತ್ತಿಲ್ಲ. ಎಲ್ಲರಿಗೂ ಅವನು ಡ್ರೈವರಪ್ಪ.

ಒಂದು: ಎಲುಬಿನ ವೈದ್ಯ

ಮೊದಲು ಎಲ್ಲರೂ ಕಾಲಿಗೇ ಔಷಧ ಮಾಡಿದರು. ಕೊಟ್ಟೂರಿನ ಡಾಕ್ಟರು ಮಾತ್ರೆ ಬರೆದು, ಮೆಟ್ಟಿಲು ಹತ್ತಬೇಡಿ ಎಂದರು. ನಮ್ಮ ಮನೆಗೆ ಇರುವುದು ಒಂದೇ ಮೆಟ್ಟಿಲು. ಅಪ್ಪ ಒಂದು ವಾರ ಅದನ್ನು ತುಳಿಯದೆ ದಾಟಿದ. ಬಲಗಾಲೂ ನೋಯಿತು.

ಆಮೇಲೆ ಹರಪನಹಳ್ಳಿ ಕಡೆಯಿಂದ ಎಲುಬು ಕೂಡಿಸುವ ಮುದುಕನನ್ನು ಕರೆಸಿದರು. ಅವನು ಮೊಣಕಾಲು ಒತ್ತಿ, ತಿರುವಿ, ತಟ್ಟಿ ನೋಡಿದ.

"ಎಲುಬು ಸರಿ ಐತೆ. ನರ ಸೋತೈತೆ. ಕ್ಲಚ್ ಹೆಂಗೆ ತುಳಿತೀರಿ?"

"ಕಾಲಿಲೇ," ಅಂದ ಅಪ್ಪ.

"ಅಲ್ರೀ, ಹಿಮ್ಮಡೀಲೋ, ಬೆರಳಿಲೋ? ತುಳಿಯೋದರಾಗೂ ಒಂದು ಪದ್ಧತಿ ಐತೆ. ಬರ್ರಿ, ತೋರಿಸ್ತೀನಿ."

ಹೋಗಿ ಡ್ರೈವರ್ ಸೀಟಿನಲ್ಲಿ ಕೂತ. ಚಪ್ಪಲಿ ಬಿಟ್ಟ. ಧೋತರ ಮೇಲೆ ಕಟ್ಟಿದ. ಉಸಿರು ಹಿಡಿದು ತುಳಿದ. ಪೆಡಲ್ ಅರ್ಧ ಇಳಿದು ನಿಂತಿತು. ಅವನಿಗೆ ಅವಮಾನವಾಯಿತು. ಸೊಂಟ ಎತ್ತಿ ಇನ್ನೊಮ್ಮೆ ತುಳಿದ. "ಅಯ್ಯಯ್ಯಪ್ಪೋ!" ಎಂದು ಕೂಗಿ ಸ್ಟೀರಿಂಗ್ ಮೇಲೆ ಬಿದ್ದ. ಹಾರ್ನ್ ಬಡಿದುಕೊಳ್ಳತೊಡಗಿತು.

ಅವನ ಕಾಲಿನ ಮೀನಖಂಡ ಹಿಡಿದುಕೊಂಡಿತ್ತು. ನಾನೂ ಅಪ್ಪನೂ ಹೊತ್ತು ತಂದು ಕಟ್ಟೆಯ ಮೇಲೆ ಮಲಗಿಸಿದೆವು. ಅಪ್ಪನಿಗಾಗಿ ಅವನು ತಂದಿದ್ದ ಎಣ್ಣೆಯನ್ನೇ ಹಚ್ಚಿ ಅಪ್ಪ ಅರ್ಧ ಗಂಟೆ ತಿಕ್ಕಿದ. ಎಣ್ಣೆ ಮುಗಿಯಿತು.

ಮುದುಕ ಕುಂಟುತ್ತ ಎದ್ದು ಹೊರಡುವಾಗ ಅಪ್ಪನ ಬೆನ್ನು ತಟ್ಟಿ ಹೇಳಿದ: "ನಿಮ್ಮ ಕೈಗುಣ ಚಲೋ ಐತೆ ಕಣ್ರೀ. ನಿಮ್ಮ ಕಾಲು ನೀವೇ ತಿಕ್ಕಿಕೊಳ್ರಿ."

ಎರಡು: ನಲವತ್ತೊಂದು ಸೆಂಟಿಮೀಟರ್

ನನಗೆ ಅವತ್ತೇ ಅನುಮಾನ ಬಂತು. ಎಲುಬಿನ ವೈದ್ಯನ ಕಾಲು ಕ್ಲಚ್ ತುಳಿದು ಸವೆದದ್ದಲ್ಲ, ಆದರೂ ಎರಡೇ ತುಳಿತಕ್ಕೆ ಸೋತಿತ್ತು. ಅಂದರೆ ದೋಷ ಕಾಲಿನದಲ್ಲ.

ಹರಿದ ನಾಲ್ಕೂ ಕೇಬಲ್‌ಗಳು ಹಿತ್ತಲಲ್ಲಿದ್ದವು. ಅವ್ವ ಎರಡನ್ನು ಬಟ್ಟೆ ಒಣಹಾಕಲು ಕಟ್ಟಿದ್ದಳು. ಬಿಚ್ಚಿ ತಂದು ಸಾಲಾಗಿ ಹಾಸಿ ಸ್ಕೇಲ್ ಹಿಡಿದೆ. ಪೆಡಲ್ ಕಡೆಯ ತುದಿಯಿಂದ ನಲವತ್ತೊಂದು ಸೆಂಟಿಮೀಟರ್‌ಗೆ ಒಂದು ಹರಿದಿತ್ತು. ಎರಡನೆಯದೂ ಅಷ್ಟೇ. ಮೂರು, ನಾಲ್ಕು, ಅಷ್ಟೇ. ಅಪ್ಪನನ್ನು ಕೇಳಿ ಅವುಗಳ ಆಯುಷ್ಯ ಬರೆದುಕೊಂಡೆ: ಹನ್ನೊಂದು ತಿಂಗಳು, ಒಂಬತ್ತು, ಒಂಬತ್ತು, ಎಂಟು. ಐದನೆಯದನ್ನು ಹಾಕಿದ್ದು ಜೂನ್‌ನಲ್ಲಿ. ಅದು ಹರಿಯುವುದು ಫೆಬ್ರುವರಿ ಅಥವಾ ಮಾರ್ಚ್ ಎಂದು ಅವನಿಗೂ ಹೇಳಿದೆ. ಅಪ್ಪನಿಗೆ ಗಾಡಿ ಹೊಡೆಯಲು ಉಳಿದಿದ್ದೂ ಅಷ್ಟೇ ದಿನ.

ನಾಲ್ಕು ತುಂಡುಗಳನ್ನೂ ಕಟ್ಟಿಕೊಂಡು, ಕೇಬಲ್ ಹಾಕಿಕೊಟ್ಟ ಮೇಸ್ತ್ರಿಯ ಹತ್ತಿರ ಹೋದೆ. ಅವನು ಒಂದು ಟ್ರ್ಯಾಕ್ಟರ್ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಕಾಲಿಗೇ ವಿವರಿಸಿದೆ.

"ನಾಲ್ಕೂ ಒಂದ ಜಾಗಕ್ಕ ಹರದಾವ್ರಿ."

"ಹೌದು?"

"ನಲವತ್ತೊಂದು ಸೆಂಟಿಮೀಟರ್. ಒಂದು ಎಳೀನೂ ಹೆಚ್ಚುಕಮ್ಮಿ ಇಲ್ಲ."

ಟ್ರ್ಯಾಕ್ಟರ್ ಕೆಳಗಿನಿಂದ ಒಂದು ಕೈ ಹೊರಬಂದು, ಪಾನಾ ತಡಕಿ ತೆಗೆದುಕೊಂಡು ಒಳಗೆ ಹೋಯಿತು.

"ಮತ್ತ ಚಲೋ ಆತಲ್ಲಪಾ. ಬ್ಯಾರೆ ಗಾಡಿ ಎಲ್ಲಿ ಹರೀತಾವಂತ ದೇವರಿಗೂ ಗೊತ್ತಿಲ್ಲ. ನಿಮ್ದು ಶಿಸ್ತಿನ ಗಾಡಿ."

ಮೂರು: ದೇವರ ಎಣ್ಣೆ

ದೀಪಾವಳಿ ಕಳೆದ ಮೇಲಿನ ಅಮಾವಾಸ್ಯೆಗೆ ನಮ್ಮ ಓಣಿಯ ನಾಲ್ಕು ಜನ ಮುದುಕಿಯರು ಉಜ್ಜಿನಿಗೆ ಹೊರಟರು. ಅಷ್ಟು ಹೊತ್ತಿಗೆ ಪೆಡಲ್ ತುಳಿದಾಗಲೆಲ್ಲ ಕೀಂಯ್ ಅನ್ನತೊಡಗಿತ್ತು. ಹೋಗುವ ದಾರಿಯುದ್ದಕ್ಕೂ ಮುಂದೆ ಕೂತ ಮುದುಕಿ ಕೇಳಿಸಿಕೊಂಡಳು. ಬರುವಾಗ ಅವಳಿಗೆ ತಡೆಯಲಾಗಲಿಲ್ಲ.

"ತಮ್ಮಾ, ಇದು ಯಾವ್ದರ ಜೀವ ಅಳಾಕ ಹತ್ತೈತಿ?"

"ಕ್ಲಚ್ಚವ್ವಾ," ಅಂದ ಅಪ್ಪ.

"ಒಣಗೈತಿ ಪಾಪ. ನಿಂದ್ರು."

ದೀಪಕ್ಕೆ ಹಾಕಿ ಉಳಿದ ಎಣ್ಣೆ ಅವಳ ತಂಬಿಗೆಯಲ್ಲಿತ್ತು. ಪ್ರಸಾದದ ಎಣ್ಣೆ, ಬೇಡ ಎನ್ನುವಂತಿಲ್ಲ. ಅಪ್ಪನೂ ಸೋತಿದ್ದ. ಬಾನೆಟ್ ಎತ್ತಿ ಕೇಬಲ್ಲಿನ ಬಾಯಿಗೆ ಹತ್ತಿ ಬತ್ತಿ ಇಟ್ಟು, ಅವಳು ಮಂತ್ರ ಹೇಳುತ್ತ ತಂಬಿಗೆ ಬರಿದು ಮಾಡಿದಳು. ಕೀಂಯ್ ಅನ್ನುವುದು ನಿಂತಿತು. ಮನೆ ಮುಟ್ಟುವವರೆಗೆ ನಾಲ್ವರೂ ದೇವರನ್ನು ಕೊಂಡಾಡಿದರು.

ಅದು ಶೇಂಗಾ ಎಣ್ಣೆ. ಎಂಜಿನ್ನಿನ ಕಾವಿಗೆ ಅದು ಅಂಟಾಗುತ್ತದೆ. ಹದಿನೈದು ದಿನಕ್ಕೆ ಪೆಡಲ್ ಮೊದಲಿಗಿಂತ ಬಿಗಿಯಾಯಿತು. ಜೊತೆಗೆ ಇರುವೆ ಬಂದವು. ಬೆಳಿಗ್ಗೆ ಕಾರು ತೆಗೆಯುವ ಮೊದಲು ಅಪ್ಪನಿಗೆ ಸೀಟು ಝಾಡಿಸುವ ಕೆಲಸ ಹೊಸದಾಗಿ ಸೇರಿತು.

ನಾನು ಒಂದು ಗಂಟೆ ಬಾನೆಟ್ ಎತ್ತಿ ಇರುವೆ ನೋಡಿದೆ. ಅವು ಕೇಬಲ್ಲಿನ ಮೇಲಿನ ಬಾಯಿಯಿಂದ ಒಳಗೆ ಹೋಗುತ್ತಿದ್ದವು. ಕೆಳಗಿನ ಬಾಯಿಯಿಂದ ಒಂದೂ ಹೊರಗೆ ಬರುತ್ತಿರಲಿಲ್ಲ. ನಡುವೆ, ಎಂಜಿನ್ನಿಗೂ ಡ್ರೈವರ್ ಕಾಲಿಗೂ ಅಡ್ಡ ಇರುವ ತಗಡಿನ ಗೋಡೆಯ ಹತ್ತಿರ ಸಾಲಾಗಿ ಹೊರಬರುತ್ತಿದ್ದವು. ಅಂದರೆ ಅಲ್ಲಿ ಕೊಳವೆ ತೂತಾಗಿತ್ತು. ಸ್ಕೇಲ್ ಹಿಡಿದೆ. ನಲವತ್ತೊಂದು ಸೆಂಟಿಮೀಟರ್.

ಕೇಬಲ್ ಅಲ್ಲಿ ನೇರವಾಗಿ ಹೋಗದೆ ಬಾಗಿ, ತಗಡಿನ ಅಂಚಿಗೆ ಉಜ್ಜುತ್ತಿತ್ತು. ಅಪ್ಪ ತುಳಿಯುತ್ತಿದ್ದ ಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಉಜ್ಜಾಟಕ್ಕೆ ಖರ್ಚಾಗುತ್ತಿತ್ತು.

ಅವ್ವನಿಗೆ ಹೇಳಿದೆ. ಅವಳು ಮುದುಕಿಗೆ ಹೇಳಿದಳು. ಮುದುಕಿ ಮೂರು ದಿನ ಓಣಿಯಲ್ಲಿ ಸಾರಿದಳು: "ಹುಡುಗ ಮೂರು ವರ್ಷ ಓದಿದ್ರೂ ಸಿಗಲಿಲ್ಲ. ದೇವರು ಇರುವಿ ಕಳಿಸಿ ತೋರಿಸಿದ."

ನಾಲ್ಕು: ತೂಕ

ಕಾರಣ ಸಿಕ್ಕರೂ ಅಪ್ಪ ನಂಬಲಿಲ್ಲ. "ಕ್ಲಚ್ ಬಿಗಿ ಇರೋದು ಗಾಡಿ ಗುಣ. ನಂದು ವಯಸ್ಸಿನ ಗುಣ," ಅಂದ. ಅವನಿಗೆ ಅಂಕಿ ತೋರಿಸಬೇಕಿತ್ತು.

ಹುಣಸೆಹಣ್ಣಿನ ವ್ಯಾಪಾರಿಯಿಂದ ಕೊಕ್ಕೆಯ ತಕ್ಕಡಿ ತಂದೆ. ಗೋಣಿಚೀಲ ತೂಗುಹಾಕಿ ನೋಡುವ, ಒಳಗೆ ಸ್ಪ್ರಿಂಗ್ ಇರುವ ತಕ್ಕಡಿ. ಪೆಡಲ್ಲಿಗೆ ಹಗ್ಗ ಕಟ್ಟಿದೆ. ಕಾರಿನ ತಳದಲ್ಲಿ ತುಕ್ಕು ತಿಂದ ತೂತು ಇತ್ತು. ಹಗ್ಗವನ್ನು ಅದರಿಂದ ಕೆಳಗೆ ಬಿಟ್ಟು, ಕೊಕ್ಕೆ ಹಾಕಿ, ಕಾರಿನಡಿ ಮಲಗಿ ಎಳೆದೆ. ಪೆಡಲ್ ನೆಲ ಮುಟ್ಟಿತೋ ಇಲ್ಲವೋ ನೋಡಲು ಅವ್ವನನ್ನು ಮೇಲೆ ಕೂರಿಸಿದ್ದೆ.

"ಮುಟ್ತೇನವ್ವಾ?"

"ಇನ್ನ ನಾಲ್ಕ ಬಟ್ಟು ಐತಿ."

"ಈಗ?"

"ಮುಟ್ಟಿತು. ಎಷ್ಟಾತು?"

"ಇಪ್ಪತ್ತಮೂರು ಕೆಜಿ!"

ಐದು ಸಲ ಎಳೆದೆ. ಐದು ಸಲ ಕೂಗಿದೆ. ಕಟ್ಟೆಯ ಮೇಲೆ ಕೂತವರು ಕೇಳುತ್ತಿದ್ದರು. ಸಂಜೆ ನಾಲ್ಕಕ್ಕೆ ಕೈಗಾಡಿ ನೂಕಿಕೊಂಡು ಗುಜರಿಯವನು ಬಾಗಿಲಿಗೆ ಬಂದ.

"ಗಾಡಿ ತೂಕಕ್ಕ ಹಾಕೀರಂತ ಗೊತ್ತಾತು. ಹಿಂಗ ಇಪ್ಪತ್ತು ಇಪ್ಪತ್ತು ಕೆಜಿ ತೂಗಿದ್ರ ಎಂದ ಮುಗಿತೈತ್ರಿ? ಒಮ್ಮೆ ತೂಗೋಣ."

ಅಪ್ಪ ಒಳಗಿದ್ದ. ಹೊರಗೆ ಬಂದು ಗುಜರಿಯವನನ್ನು ನೋಡಿದ, ತಕ್ಕಡಿ ನೋಡಿದ, ನನ್ನನ್ನು ನೋಡಿದ. ಅವನ ಮುಖ ಸಣ್ಣದಾಯಿತು. ನಾನೇ ಕರೆಸಿದ್ದೇನೆ ಎಂದುಕೊಂಡಿದ್ದ.

"ಮಾರ್ಚಿನ ಮಟ ತಾಳಬಾರದಿತ್ತೇನಲೇ?" ಅಂದ.

ವಿವರಿಸಲು ಒಂದು ಗಂಟೆ ಹಿಡಿಯಿತು. ಒಂದು ಕಿಲೋಮೀಟರ್ ಪೇಟೆಯಲ್ಲಿ ಹೋದರೆ ಹತ್ತು ಸಲ ಕ್ಲಚ್ ತುಳಿಯಬೇಕು, ಅಂದರೆ ಇನ್ನೂರ ಮೂವತ್ತು ಕೆಜಿ ಎಂದು ಲೆಕ್ಕ ಮಾಡಿ ತೋರಿಸಿದೆ. ಗುಜರಿಯವನೂ ಕೂತು ಕೇಳಿದ. ಕೊನೆಗೆ ಎದ್ದು, "ಅಷ್ಟು ಹೊತ್ತಿದ್ರ ಹಮಾಲನೂ ಸಾಯ್ತಿದ್ದ. ಡ್ರೈವರಪ್ಪ, ನಿಮ್ಮ ಕಾಲು ಕಬ್ಬಿಣಾರಿ," ಅಂದ.

ಅವನ ಬಾಯಲ್ಲಿ ಆ ಮಾತು ಬಂದದ್ದು ಅಪ್ಪನಿಗೆ ಇಷ್ಟವಾಗಲಿಲ್ಲ. ಗುಜರಿಯವನು ಕಬ್ಬಿಣ ಎಂದರೆ ಅದಕ್ಕೆ ಒಂದು ದರ ಇರುತ್ತದೆ.

ಐದು: ಕುಲುಮೆ

ಕೇಬಲ್ಲಿನ ದಾರಿ ನೇರ ಮಾಡುವ ಕೆಲಸವನ್ನು ಗ್ಯಾರೇಜಿನವರು ಯಾರೂ ಒಪ್ಪಲಿಲ್ಲ. "ಹೊಸ ಕೇಬಲ್ ಹಾಕ್ತೀವಿ ಬಿಡ್ರಿ," ಎಂಬುದೇ ಎಲ್ಲರ ಮಾತು. ಮಾರ್ಚ್ ಮೊದಲ ವಾರ ಕೊಳವೆಯ ತೂತಿನಲ್ಲಿ ಬ್ಯಾಟರಿ ದೀಪ ಬಿಟ್ಟು ನೋಡಿದೆ. ಉಕ್ಕಿನ ಎಳೆಗಳಲ್ಲಿ ಅರ್ಧ ಕಡಿದು ನಿಮಿರಿ ನಿಂತಿದ್ದವು. ಇನ್ನು ಕಾಯುವಂತಿರಲಿಲ್ಲ.

ತಂಬ್ರಹಳ್ಳಿಯಲ್ಲಿ ಒಬ್ಬ ಕಮ್ಮಾರನಿದ್ದ. ಕುಂಟೆ, ನೇಗಿಲಿನ ಕುಡ, ಎತ್ತಿನಗಾಡಿಯ ಹಳಿ ಮಾಡುವವನು. ವೆಲ್ಡಿಂಗನ್ನೂ ಇಟ್ಟುಕೊಂಡಿದ್ದ. ನಾನು ನೋಟ್‌ಬುಕ್ ತೆಗೆದು, ಚಿತ್ರ ತೋರಿಸಿ, ಕೋನ, ಘರ್ಷಣೆ ಎಂದು ಶುರು ಮಾಡಿದೆ. ಅವನು ಬೀಡಿ ಕಚ್ಚಿಕೊಂಡೇ ಬಾನೆಟ್ಟಿನೊಳಗೆ ಇಣುಕಿದ. ಹತ್ತು ಎಣಿಸುವಷ್ಟು ಹೊತ್ತು.

"ಬಾವಿ ಗಾಲಿ ಸೊಟ್ಟಗ ಕೂಡ್ರಿಸಿದ್ರ ಹಗ್ಗ ಏನಾಕ್ಕೈತಿ?"

"ಹರೀತೈತಿ."

"ನೀರು ಸೇದೋ ಹೆಣ್ಮಗಳ ರಟ್ಟಿ?"

"ನೋಯ್ತಾವು."

"ಇಷ್ಟ ಐತಿ ನೋಡು. ಇದಕ್ಕ ಎಷ್ಟು ದಿನಾ ಹಿಡೀತು ನಿನಗ?"

ಒಂಬತ್ತು ತಿಂಗಳು ಎಂದು ಹೇಳಲಿಲ್ಲ.

ಬಿಚ್ಚಿದಾಗ ಎಲ್ಲ ಕಂಡಿತು. ಎಂಜಿನ್ ಕಡೆ ಕೇಬಲ್ಲನ್ನು ಹಿಡಿಯುವ ಕಬ್ಬಿಣದ ಪಟ್ಟಿ ಎಂದೋ ಏಟು ತಿಂದು ಎರಡು ಬೆರಳಿನಷ್ಟು ವಾಲಿತ್ತು. ಅದೊಂದರಿಂದ ಉಳಿದದ್ದೆಲ್ಲ ಸವೆದಿತ್ತು. ತಗಡಿನ ಗೋಡೆಯ ದುಂಡು ತೂತು ಉದ್ದವಾಗಿ ಹುಣಸೆಬೀಜದಂತಾಗಿತ್ತು. ಪೆಡಲ್ಲಿನ ಮೊಳೆ ಕೂರುವ ತೂತೂ ಹಾಗೆಯೇ. ಸನ್ನೆಯ ತುದಿಯಲ್ಲಿ ಉಗುರು ಹೋಗುವಷ್ಟು ಗೀರು.

ಕಮ್ಮಾರ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ತಿದ್ದಿದ. ಗೋಡೆ ಕಟ್ಟುವ ಗೌಂಡಿಯ ದಾರ ಹಿಡಿದು, ಪೆಡಲ್ಲಿನಿಂದ ಸನ್ನೆಯವರೆಗೆ ನೇರ ಬರುವ ತನಕ ನಾಲ್ಕು ಸಲ ಬಡಿದ. ಉದ್ದವಾದ ತೂತುಗಳನ್ನು ತುಂಬಿ ಮತ್ತೆ ದುಂಡಗೆ ಕೊರೆದ. ಗೋಡೆಯ ತೂತಿಗೆ ನಾನು ರಬ್ಬರಿನ ಬಳೆ ಕೂರಿಸಿದೆ. ಸನ್ನೆಯ ಗೀರನ್ನು ತುಂಬಿ ಅರ ಹಾಕಿ ನುಣುಪು ಮಾಡಿದೆ. ಹೊಸ ಕೇಬಲ್ಲಿಗೆ ಗ್ರೀಸು ಹಾಕಿ, ಪೆಡಲ್ಲಿಗೆ ಎರಡು ಸೆಂಟಿಮೀಟರ್ ಸಡಿಲು ಬಿಟ್ಟೆ. ತಕ್ಕಡಿ ಕಟ್ಟಿ ಎಳೆದೆ. ಒಂಬತ್ತು ಕೆಜಿ.

ಮನೆಗೆ ನಾನೇ ಓಡಿಸಿಕೊಂಡು ಬಂದೆ. ಅಪ್ಪ ಪಕ್ಕದಲ್ಲಿ ಕೂತಿದ್ದ.

"ಒಂಬತ್ತ ಕೆಜಿಗೆ ಇಳೀತಪ್ಪಾ."

"ಹೂಂ," ಅಂದ. ಅವನು ಕೇಳುತ್ತಿರಲಿಲ್ಲ. ನಾವು ಹೊರಡುವಾಗ ಕಮ್ಮಾರ ಅವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ್ದ. ಏನೆಂದು ಕೇಳಿದೆ.

"ಹುಡುಗಗ ಕೈಕೆಲಸ ಚಲೋ ಬರತೈತಿ, ಸುಮ್ನ ಓದಿಸಿ ಯಾಕ ಹಾಳು ಮಾಡಿದ್ರಿ ಅಂದ."

ಆರು: ಮಣ್ಣು

ಮರುದಿನ ಬೆಳಿಗ್ಗೆ ಹತ್ತಕ್ಕೆ ಹಿಂದಿನ ಓಣಿಯಿಂದ ಕರೆ ಬಂತು. ಆ ಮನೆಯ ಹೆಣ್ಣುಮಗಳ ತಂದೆ ತೀರಿಕೊಂಡಿದ್ದ. ಮಣ್ಣು ಮಾಡುವುದು ಉಜ್ಜಿನಿ ದಾರಿಯ ಒಂದು ಹಳ್ಳಿಯಲ್ಲಿ, ಮಧ್ಯಾಹ್ನ ಮೂರಕ್ಕೆ. ಮಗಳು, ಅಳಿಯ, ಅವನ ನಾಲ್ವರು ಅಣ್ಣತಮ್ಮಂದಿರು, ಆ ಮನೆಯ ಇಬ್ಬರು ಸೊಸೆಯರು, ಒಟ್ಟು ಎಂಟು ಮಂದಿ. ನಾವಿಬ್ಬರು. ಆ ದಿನಗಳಲ್ಲಿ ಅದು ಹೆಚ್ಚಲ್ಲ.

ಕೊಟ್ಟೂರಿನವರೆಗೆ ನಾನು ಓಡಿಸಿದೆ. ಊರು ದಾಟಿದ ಮೇಲೆ ಅಪ್ಪ ನಿಲ್ಲಿಸು ಎಂದ. ಸತ್ತ ಮನೆಗೆ ಕಾರಿನ ಮಾಲಕನೇ ಓಡಿಸಿಕೊಂಡು ಹೋಗಬೇಕು, ಅದು ಮರ್ಯಾದೆ ಎಂಬುದು ಅವನ ನಿಯಮ. ಎಂಜಿನ್ ಆರಿಸಿ ಇಳಿದೆ. ಅಪ್ಪ ಕೂತ. ಸೀಟು ಸರಿಸಿಕೊಂಡ. ಹಲ್ಲು ಕಚ್ಚಿ, ಇಪ್ಪತ್ತಮೂರು ಕೆಜಿಗೆ ಬೇಕಾದ ಶಕ್ತಿಯನ್ನೆಲ್ಲ ಎಡಗಾಲಿಗೆ ತಂದು ಕ್ಲಚ್ ತುಳಿದ.

ಟಪ್.

ಪೆಡಲ್ ನೆಲಕ್ಕೆ ಬಡಿಯಿತು. ಮೂರು ವರ್ಷದಿಂದ ಆ ಸದ್ದಿಗೆ ಒಂದೇ ಅರ್ಥ ಇತ್ತು.

"ಹರೀತು," ಅಂದ ಅಪ್ಪ.

ನನ್ನ ತಲೆಯಲ್ಲಿ ಬಂದದ್ದು ಇಷ್ಟು: ಪೆಡಲ್ಲಿನ ವೆಲ್ಡಿಂಗ್ ಬಿಟ್ಟಿದೆ, ಇಲ್ಲವೆ ಸನ್ನೆಯ ತುದಿ ಮುರಿದಿದೆ. ಯಾವುದು ಹೆಚ್ಚು ಸಾಧ್ಯ ಎಂದು ಲೆಕ್ಕ ಹಾಕಿದೆ. ಬಾನೆಟ್ ಎತ್ತಿ ನೋಡಬೇಕಿತ್ತು. ನೋಡಲಿಲ್ಲ. ಒಂಬತ್ತು ತಿಂಗಳು ಎಲ್ಲವನ್ನೂ ಅಳೆದವನು ಅವತ್ತು ಅಳೆಯಲಿಲ್ಲ.

"ಇನ್ನೊಮ್ಮೆ ತುಳಿದು ನೋಡಪ್ಪಾ," ಎಂದಷ್ಟೇ ಅಂದೆ.

"ಹರಿದ ಮ್ಯಾಲೆ ತುಳಿಯೂದು ಅಂದ್ರ ಹೆಣದ ನಾಡಿ ಹಿಡಿದಂಗ," ಅಂದ. ಹಿಂದೆ ಕೂತ ಮಗಳಿಗೆ ಅದು ಕೇಳಿಸಿ ಜೋರಾಗಿ ಅತ್ತಳು.

ಕ್ಲಚ್ ಇಲ್ಲದೆ ಕಾರು ಓಡಿಸುವುದು ಅಪ್ಪನಿಗೆ ಗೊತ್ತಿತ್ತು. ಎಂಜಿನ್ ಆರಿದ್ದಾಗಲೇ ಎರಡನೇ ಗೇರಿಗೆ ಹಾಕಬೇಕು. ಮಂದಿ ತಳ್ಳಬೇಕು. ಎಂಜಿನ್ ಹತ್ತಿಕೊಂಡ ಮೇಲೆ ಓಡುತ್ತ ಏರಬೇಕು. ಆಮೇಲೆ ಎಲ್ಲೂ ನಿಲ್ಲುವಂತಿಲ್ಲ. ನಿಂತರೆ ಎಂಜಿನ್ನೂ ನಿಲ್ಲುತ್ತದೆ. ಹೆಂಗಸರನ್ನು ಒಳಗೇ ಕೂರಿಸಿ, ಗಂಡಸರು ಐದೂ ಮಂದಿ, ಜೊತೆಗೆ ನಾನು, ತಳ್ಳಿದೆವು. ಬಿಸಿಲು ತಲೆ ಸುಡುತ್ತಿತ್ತು. ಎಂಜಿನ್ ಹತ್ತಿಕೊಂಡಿತು. ಓಡಿ ಏರಿದೆವು. ಅಳಿಯನ ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು.

ಹಳ್ಳಿ ಹತ್ತಿರ ಬಂದಾಗ ನಾನು, "ಮನಿ ಮುಂದ ನಿಂದ್ರಿಸು. ವಾಪಸ್ ಹೋಗೂವಾಗ ಮತ್ತ ತಳ್ಳಿದ್ರಾತು," ಅಂದೆ.

"ಏನ್ ಮಾತಾಡ್ತೀಲೇ? ಸತ್ತ ಮನಿ ಮುಂದ ಗಾಡಿ ಕೆಟ್ಟು ನಿಂತ್ರ ಆಮ್ಯಾಲೆ ಮದುವಿಗೆ ಯಾರು ಕರೀತಾರ? ಮಣ್ಣಿಗೆ ಬಂದವರ ಕೈಲೆ ಗಾಡಿ ತಳ್ಳಿಸ್ತಾರೇನು?" ಸ್ವಲ್ಪ ತಡೆದು ಮೆತ್ತಗೆ ಹೇಳಿದ: "ನಿಂತ್ರ ಕೆಟ್ಟಂಗ ಲೆಕ್ಕ. ನಿಮ್ಮ ಭಾವಗ ಮಾತು ಕೊಟ್ಟೀನಿ."

ಮನೆಯ ಮುಂದೆ ದೊಡ್ಡ ಬಯಲಿತ್ತು. ನಡುವೆ ಬೇವಿನ ಮರ. ಮರದ ನೆರಳಿನಲ್ಲಿ ತೀರಿಕೊಂಡ ಮುದುಕನನ್ನು ಹೂವು ಹಾಕಿ ಕೂರಿಸಿದ್ದರು. ಸುತ್ತ ನೂರಾರು ಮಂದಿ. ಭಜನೆಯವರು ತಾಳ ಹಾಕುತ್ತಿದ್ದರು. ಅಪ್ಪ ಒಂದನೇ ಗೇರಿಗೆ ಇಳಿಸಿ ನೆರೆದ ಮಂದಿಯ ಸುತ್ತ ನಿಧಾನವಾಗಿ ಸುತ್ತತೊಡಗಿದ.

"ಒಬ್ಬೊಬ್ಬರಾಗಿ ಇಳೀರಿ," ಅಂದ.

ಮೊದಲ ಸುತ್ತಿನಲ್ಲಿ ಅಣ್ಣತಮ್ಮಂದಿರು ಜಿಗಿದರು. ಎರಡನೆಯದರಲ್ಲಿ ಅಳಿಯ, ಒಂದೇ ಚಪ್ಪಲಿಯಲ್ಲಿ. ಸೊಸೆಯರು ಸೆರಗು ಸಿಕ್ಕಿಸಿಕೊಂಡು ಸುತ್ತಿಗೊಬ್ಬರಂತೆ ಇಳಿದರು. ನಾನು ಪಕ್ಕದಲ್ಲಿ ಓಡುತ್ತ ಕೈ ಹಿಡಿದೆ. ಮಗಳು ಮಾತ್ರ ಇಳಿಯಲಿಲ್ಲ. ದಪ್ಪ ಹೆಂಗಸು, ಓಡುವ ಗಾಡಿಯಿಂದ ಎಂದೂ ಇಳಿದವಳಲ್ಲ. ತಂದೆಯ ಎದುರು ಬಂದಾಗ "ಅಪ್ಪಾ, ಬಿಟ್ಟು ಹೋದೆಲ್ಲೋ!" ಎಂದು ಎದೆ ಬಡಿದುಕೊಂಡಳು. ಮರದ ಹಿಂದೆ ಹೋದ ಕೂಡಲೇ ದನಿ ಇಳಿಸಿ, "ಅಣ್ಣಾ, ಚೂರು ಸಾವಕಾಶ ಹೊಡೀರಿ, ಮಂಡಿ ನೋವೈತಿ," ಅಂದಳು. ಎದುರು ಬಂದಾಗ ಮತ್ತೆ, "ಅಪ್ಪಾ!" ಹೀಗೆ ಮೂರು ಸುತ್ತು.

ಅಷ್ಟರಲ್ಲಿ ಮಂದಿ ಎದ್ದು ನಿಂತಿದ್ದರು. ಭಜನೆಯವರು ತಾಳ ನಿಲ್ಲಿಸಿ ನೋಡಿ, ಆಮೇಲೆ ಕಾರಿನ ಸದ್ದಿಗೆ ಹೊಂದಿಸಿಕೊಂಡು ಮತ್ತೆ ಹಾಕಿದರು. ರುಮಾಲು ಸುತ್ತಿದ ಒಬ್ಬ ಹಿರಿಯ ಕಾರಿಗೆ ಕೈ ಮುಗಿದ.

"ಎಂಥಾ ಮಂದಿ ನೋಡ್ರಪಾ! ಕಾರಿನಾಗ ಪ್ರದಕ್ಷಿಣಿ ಹಾಕಾಕ ಹತ್ಯಾರ."

ಕೊನೆಗೆ ನಾಲ್ವರು ಸೇರಿ ಮಗಳನ್ನು ಎತ್ತಿ ಇಳಿಸಿಕೊಂಡರು. ನಾನು ಓಡಿ ಏರಿದೆ. ಅಪ್ಪ ನಿಲ್ಲದೆ ಊರ ಹೊರಗೆ ಹೊರಟ, ಎಲ್ಲಾದರೂ ಇಳಿಜಾರು ನೋಡಿ ನಿಲ್ಲಿಸಲು. ಅವನ ಅಂಗಿ ಒದ್ದೆಯಾಗಿತ್ತು. ಆದರೆ ಮುಖದಲ್ಲಿ ಗೆಲುವಿತ್ತು. ಗಾಡಿ ನಿಂತಿರಲಿಲ್ಲ. ಮಾತು ಉಳಿದಿತ್ತು.

ಊರು ದಾಟಿದ ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ಯೋಚಿಸಲು ಸಮಯವಿರಲಿಲ್ಲ. ಅಪ್ಪನ ಎರಡೂ ಕಾಲು ಎಂದಿನಂತೆ ಒಟ್ಟಿಗೆ ಬಿದ್ದವು, ಎಡಗಾಲು ಕ್ಲಚ್ಚಿಗೆ, ಬಲಗಾಲು ಬ್ರೇಕಿಗೆ. ಕಾರು ನಿಂತಿತು.

ಎಂಜಿನ್ ನಿಲ್ಲಲಿಲ್ಲ.

ಕೇಬಲ್ ಹರಿದಿದ್ದರೆ ಅದು ನಿಲ್ಲಬೇಕಿತ್ತು. ಕುರಿಗಳು ಒಂದೊಂದಾಗಿ ಹೋದವು. ಎಂಜಿನ್ ಓಡುತ್ತಲೇ ಇತ್ತು. ನಾವಿಬ್ಬರೂ ಮುಂದೆ ನೋಡುತ್ತ ಕೂತಿದ್ದೆವು. ಅಪ್ಪ ಪೆಡಲ್ಲನ್ನು ಮೆಲ್ಲಗೆ ಬಿಟ್ಟ. ಕಾರು ಮುಂದೆ ಸರಿಯಿತು. ಮತ್ತೆ ತುಳಿದ. ನಿಂತಿತು.

"ಎಷ್ಟಂದಿ?"

"ಒಂಬತ್ತ ಕೆಜಿ."

"ಮದ್ಲ ಹೇಳಬಾರದಿತ್ತೇನಲೇ?"

"ನಿನ್ನೆ ಹೇಳಿದ್ನೆಲ್ಲಪ್ಪಾ."

"ನನಗ ಹೇಳಿದಿ," ಅಂದ. "ಕಾಲಿಗೆ ಹೇಳಬೇಕಿತ್ತು."

ನನಗೆ ನಗು ಬಂತು. ಅವನಿಗೂ ಬಂತು. ನಕ್ಕು ಮುಗಿದ ಮೇಲೆ ಅವನು ಅಂಗೈಯಿಂದ ಮೊಣಕಾಲು ಸವರಿಕೊಂಡು ಕೂತ. ಆಮೇಲೆ ಬಾಗಿಲು ತೆಗೆದು ಇಳಿದು, ಸುತ್ತು ಹಾಕಿ ಬಂದು, ನಾನು ಕೂತಿದ್ದ ಕಡೆಯ ಬಾಗಿಲು ತೆಗೆದ.

"ಸರಿ ಆಕಡಿಗೆ. ನೀ ಹೊಡಿ."

ಮನೆಯಲ್ಲಿ ಅಕ್ಕನ ಗಂಡ ಕೂತಿದ್ದ. ಸುದ್ದಿ ನಮಗಿಂತ ಮೊದಲು ಬಂದಿತ್ತು. "ಮತ್ತ ಕೆಟ್ಟಿತಂತಲ್ರೀ ಮಾವಾರ?" ಎಂದು ಕೇಳಿದ.

"ಗಾಡಿ ಕೆಟ್ಟಿಲ್ಲ. ಹಳೇದಾಗಿದ್ದು ನನ್ನ ಕಾಲು. ಗಾಡಿ ಮಾರಬ್ಯಾಡ್ರಿ," ಅಂದ ಅಪ್ಪ. ಕೀಲಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದ. ಅದಾದ ಮೇಲೆ ಅವನು ಡ್ರೈವರ್ ಸೀಟಿನಲ್ಲಿ ಕೂರಲಿಲ್ಲ. ಕೂರಿ ಎಂದು ಅವ್ವನೂ ಒಂದು ಸಲ ಹೇಳಿದಳು.

ಎರಡು ವಾರಕ್ಕೆ ಕೂಡ್ಲಿಗಿ ಕಡೆಯವರು ಮನೆ ಹುಡುಕಿಕೊಂಡು ಬಂದರು. ಅವರ ಮನೆಯ ಹಿರಿಯರೊಬ್ಬರು ತೀರಿಕೊಂಡಿದ್ದರು.

"ಮಣ್ಣಿಗೆ ಸುತ್ತು ಹಾಕೋ ಕಾರು ನಿಮ್ದೇನ್ರಿ?"

ನಾನು ಅಪ್ಪನನ್ನು ನೋಡಿದೆ. ಅವನು ಗೋಡೆ ನೋಡುತ್ತ, "ಹೌದ್ರಿ," ಅಂದ. "ಮಗ ಹಾಕ್ತಾನ."

ಬಿ.ಎಡ್. ಸೀಟು ಆ ವರ್ಷವೂ ಸಿಗಲಿಲ್ಲ. ಕಾರು ಒಮ್ಮೆಯೂ ಕೆಡಲಿಲ್ಲ. ಮದುವೆಗೆ ಎರಡು ಸಲ ಹೋದೆ. ಮಣ್ಣಿಗೆ ಹದಿನೇಳು.